ಹವಾಮಾನ ಮಾತುಕತೆಯೂ ಮಲೆನಾಡಿನ ಮೌನವೂ

ಬೇಯಿಸಿದ ಅಡಿಕೆ ಅಂಗಳಕ್ಕೆ ಬೀಳುವ ನವೆಂಬರ್ ತಿಂಗಳ ಆಸುಪಾಸಿನಲ್ಲಿಯೇ ವಿಶ್ವಸಂಸ್ಥೆಯ ಹವಾಮಾನ ಶೃಂಗಸಭೆಯೂ ನಡೆಯುವುದು ಹಲವು ವರ್ಷಗಳ ರೂಢಿ. ಆ ದಿನಗಳಲ್ಲಿ ಮಲೆನಾಡಿನ ಮನೆಗಳಲ್ಲಿ ಎಲ್ಲರ ಕಣ್ಣೂ ಮೋಡದ ಮೇಲಿರುತ್ತದೆ. ಅಕಾಲದಲ್ಲಿ ಒಂದು ಮಳೆ ಹೊಯ್ದರೆ ಅಂಗಳದ ಅಡಿಕೆಗೆ ಬೂಷ್ಟು ಹಿಡಿಯುತ್ತದೆ, ಕಾಫಿ ಕಣದಲ್ಲಿ ಹಣ್ಣು ಕೊಳೆಯುತ್ತದೆ. ಅದೇ ದಿನದ ಪತ್ರಿಕೆಯ ಒಳಪುಟದಲ್ಲಿ ಬಾಕುವಿನಲ್ಲಿಯೋ ಬೆಲೆಮ್‌ನಲ್ಲಿಯೋ ನಡೆದ ಮಾತುಕತೆ ಕಗ್ಗಂಟಾಯಿತೆಂಬ ಸುದ್ದಿ ಇರುತ್ತದೆ. ಅಂಗಳದ ಚಿಂತೆಗೂ ಒಳಪುಟದ ಸುದ್ದಿಗೂ ಇರುವ ನಂಟು ಯಾರಿಗೂ ಹೊಳೆಯುವುದಿಲ್ಲವೆಂದಲ್ಲ. ಹೊಳೆದರೂ ಅದು ದೊಡ್ಡವರ ಜಾತ್ರೆ, ಹೋಗಿ ತೇರು ಎಳೆಯುವುದು ತಮ್ಮ ಕೆಲಸವಲ್ಲ ಎಂದು ಜನ ಪತ್ರಿಕೆ ಮಡಿಸಿಡುತ್ತಾರೆ.

ಈ ಉದಾಸೀನ ಸುಮ್ಮನೆ ಹುಟ್ಟಿದ್ದಲ್ಲ. 1992ರಲ್ಲಿ ರಿಯೊ ನಗರದಲ್ಲಿ ಹವಾಮಾನ ಒಡಂಬಡಿಕೆಗೆ ದೇಶಗಳು ಸಹಿ ಹಾಕಿದವು. 1997ರ ಕ್ಯೋಟೊ ಒಪ್ಪಂದದಲ್ಲಿ ಶ್ರೀಮಂತ ದೇಶಗಳು ತಮ್ಮ ಹಸಿರುಮನೆ ಅನಿಲಗಳನ್ನು 1990ರ ಮಟ್ಟಕ್ಕಿಂತ ಸರಾಸರಿ ಶೇ 5ರಷ್ಟು ತಗ್ಗಿಸುವುದಾಗಿ ಒಪ್ಪಿದವು. ಅಮೆರಿಕ 2001ರಲ್ಲಿ ಹೊರನಡೆಯಿತು, ಕೆನಡಾ 2011ರಲ್ಲಿ ಕೈತೊಳೆದುಕೊಂಡಿತು. 2015ರ ಪ್ಯಾರಿಸ್ ಒಪ್ಪಂದದಿಂದಲೂ ಅಮೆರಿಕ ಒಮ್ಮೆ ಹೊರಬಂದು, ಮತ್ತೆ ಒಳಹೋಗಿ, 2025ರ ಜನವರಿಯಲ್ಲಿ ಮತ್ತೊಮ್ಮೆ ಹೊರಡುವ ಆದೇಶ ಹೊರಡಿಸಿತು. 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಶ್ರೀಮಂತ ದೇಶಗಳು 2020ರ ಹೊತ್ತಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುವ ಮಾತು ಕೊಟ್ಟವು. ಅವುಗಳದೇ ಲೆಕ್ಕದಂತೆ ಅಷ್ಟು ಹಣ ಕೂಡಿದ್ದು 2022ರಲ್ಲಿ, ಅದರಲ್ಲಿಯೂ ದೊಡ್ಡ ಪಾಲು ಸಾಲ. ಹೊತ್ತಿಗೆ ಬಾರದ ಬೆಳೆ ವಿಮೆಯ ಹಣವನ್ನು ಕಂಡಿರುವ ರೈತನಿಗೆ ಈ ಕಥೆ ಹೊಸದೆನಿಸದು.

ಜನರಿಗೆ ತಿಳಿವಳಿಕೆ ಇಲ್ಲ ಎಂಬ ದೂರು ಮಾತ್ರ ಅರ್ಧಸತ್ಯ. ಅಮೆರಿಕದ ಯೇಲ್ ವಿಶ್ವವಿದ್ಯಾಲಯ 2011ರಲ್ಲಿ ಭಾರತದಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಶೇ 41 ಮಂದಿ ಭೂತಾಪ ಏರಿಕೆ ಎಂಬುದನ್ನು ಕೇಳಿಯೇ ಇಲ್ಲ ಅಥವಾ ಗೊತ್ತಿಲ್ಲ ಎಂದಿದ್ದರು. ವಿಷಯವನ್ನು ಎರಡು ಮಾತಿನಲ್ಲಿ ವಿವರಿಸಿದಾಗ ಶೇ 72 ಮಂದಿ, ಹೌದು, ಹಾಗಾಗುತ್ತಿದೆ ಎಂದರು. ಹೆಸರು ಗೊತ್ತಿಲ್ಲದಿದ್ದರೂ ಸಂಗತಿ ಅನುಭವಕ್ಕೆ ಬಂದಿದೆ. ಆರಿದ್ರಾ ಮಳೆ ಕೈಕೊಟ್ಟು ಆಶ್ಲೇಷದಲ್ಲಿ ಒಮ್ಮೆಲೇ ಸುರಿಯುವುದನ್ನೂ, ಕಾಫಿಯ ಹೂಮಳೆ ಹಿಂದುಮುಂದಾಗುವುದನ್ನೂ, ಮದ್ದು ಹೊಡೆಯಲು ಬಿಡುವೇ ಸಿಗದೆ ಕೊಳೆರೋಗ ತೋಟಕ್ಕೆ ಹಬ್ಬುವುದನ್ನೂ ಬಲ್ಲವರಿಗೆ ಸಮೀಕ್ಷೆಯ ಪ್ರಶ್ನೆಪತ್ರಿಕೆ ಬೇಕಿಲ್ಲ. ಕೊರತೆಯಿರುವುದು ಮಾತುಕತೆಯ ಭಾಷೆ ಮತ್ತು ಅನುಭವದ ಭಾಷೆಗಳ ನಡುವೆ. ಆ ಕೊರತೆ ತುಂಬದಿದ್ದರೆ ಅನುಕೂಲ ಯಾರಿಗೆ ಎಂಬುದು ಕೇಳಬೇಕಾದ ಪ್ರಶ್ನೆ.

ಕಾಲೇಜು ವಿದ್ಯಾರ್ಥಿಗಳಲ್ಲಿ ಕಾಣುವ ನಿಲುವು ಬೇರೆ. ಚರ್ಚಾಸ್ಪರ್ಧೆಗಳಲ್ಲಿ ಚಪ್ಪಾಳೆ ಗಿಟ್ಟಿಸುವ ವಾದ ಇದು: ಇನ್ನೂರು ವರ್ಷ ಹೊಗೆಯುಗುಳಿದವರು ಅವರು, ತಗ್ಗಿಸಬೇಕಾದವರೂ ಅವರೇ. ವಾದ ನ್ಯಾಯವಾದದ್ದೇ. ಅಮೆರಿಕದ ಪ್ರಜೆಯೊಬ್ಬನ ಪಾಲಿಗೆ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್ ಬಂದರೆ ಭಾರತೀಯನ ಪಾಲಿಗೆ ಬರುವುದು ಸುಮಾರು 2 ಟನ್. ಅನಿಲ್ ಅಗರವಾಲ್ ಮತ್ತು ಸುನೀತಾ ನಾರಾಯಣ್ 1991ರಷ್ಟು ಹಿಂದೆಯೇ ಬದುಕುಳಿಯಲು ಬಿಡುವ ಹೊಗೆ ಬೇರೆ, ಭೋಗಕ್ಕಾಗಿ ಬಿಡುವ ಹೊಗೆ ಬೇರೆ ಎಂದು ವಿಂಗಡಿಸಿ ತೋರಿಸಿದರು. ಬಡವನ ಗದ್ದೆಯ ಮೀಥೇನನ್ನೂ ಸಿರಿವಂತನ ಕಾರಿನ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂಬ ಅವರ ಮಾತು ಭಾರತದ ನಿಲುವಿಗೆ ಬೆನ್ನೆಲುಬಾಯಿತು. ಹೊಣೆ ಎಲ್ಲರದು, ಆದರೆ ಪಾಲು ಅವರವರು ಮಾಡಿದ ಹಾನಿಗೆ ತಕ್ಕಂತೆ ಎಂಬ ತತ್ವ ರಿಯೊ ಒಡಂಬಡಿಕೆಯಲ್ಲಿಯೇ ಇದೆ.

ಈ ತತ್ವವನ್ನು ಮಲೆನಾಡಿಗೆ ಯಾರೂ ಕಲಿಸಬೇಕಾಗಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನಾಡಿಗೆಲ್ಲ ಬೆಳಕು ಹರಿದಾಗ ಹಳ್ಳಿಗಳು ನೀರಿನಡಿ ಹೋದವು. ಆರು ದಶಕ ಕಳೆದರೂ ಅಲ್ಲಿಂದ ಎದ್ದುಹೋದ ಎಷ್ಟೋ ಕುಟುಂಬಗಳಿಗೆ ಹಕ್ಕುಪತ್ರ ದೊರೆತಿಲ್ಲ. ಹಿನ್ನೀರಿನಾಚೆಯ ತುಮರಿ ಕಡೆಯವರು ತಲೆಮಾರುಗಳ ಕಾಲ ಲಾಂಚಿಗೆ ಕಾದರು. ಸೇತುವೆ ಬಳಕೆಗೆ ಬಂದದ್ದು 2025ರ ಜುಲೈನಲ್ಲಿ. ಉಂಡವರು ಯಾರು, ಎಲೆ ಎತ್ತಿದವರು ಯಾರು ಎಂಬ ಲೆಕ್ಕ ಶರಾವತಿಯ ದಡದವರಿಗೆ ಬಾಯಿಪಾಠ. ಶೃಂಗಸಭೆಯಲ್ಲಿ ನಡೆಯುವ ಜಗಳವೂ ಅದೇ.

ಆದ್ದರಿಂದಲೇ ವಿದ್ಯಾರ್ಥಿಗಳ ವಾದ ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕಿತ್ತು. ದೇಶದೇಶಗಳ ನಡುವೆ ಹಿಡಿಯುವ ಅಳತೆಗೋಲನ್ನು ದೇಶದೊಳಗೆ ಹಿಡಿಯಲು ಯಾರೂ ಸಿದ್ಧರಿಲ್ಲ. ಎರಡು ಟನ್ ಎಂಬುದು ಸರಾಸರಿ. ಮಹಾನಗರದ ಹವಾನಿಯಂತ್ರಿತ ಮನೆಯವರನ್ನೂ ಬೆಟ್ಟದ ದರಗು ಗುಡಿಸಿ ಒಲೆ ಹೊತ್ತಿಸುವವರನ್ನೂ ಕೂಡಿಸಿ ಭಾಗಿಸಿದಾಗ ಬಂದ ಅಂಕಿ ಅದು. ಗ್ರೀನ್‌ಪೀಸ್ ಸಂಸ್ಥೆಯ ಭಾರತ ಶಾಖೆ 2007ರಲ್ಲಿ ಪ್ರಕಟಿಸಿದ ವರದಿಯ ಶೀರ್ಷಿಕೆಯೇ ಬಡವರ ಹಿಂದೆ ಅಡಗಿಕೊಳ್ಳುವುದು ಎಂಬರ್ಥದ್ದು. ಅಂದು ದೆಹಲಿಯಲ್ಲಿ ಅದು ರುಚಿಸಲಿಲ್ಲ. ಆದರೂ ಆ ಪ್ರಶ್ನೆ ಸುಳ್ಳಾಗಿಲ್ಲ.

ಮೌನದ ಬೆಲೆ ಏನೆಂಬುದು ಶೃಂಗಸಭೆಯ ಮಾತು ಬೆಟ್ಟಕ್ಕೆ ಇಳಿದು ಬರುವ ದಾರಿಯನ್ನು ಹಿಡಿದು ನಡೆದರೆ ತಿಳಿಯುತ್ತದೆ. 2030ರೊಳಗೆ ವಿದ್ಯುತ್ ಸ್ಥಾವರಗಳ ಒಟ್ಟು ಸಾಮರ್ಥ್ಯದಲ್ಲಿ ಅರ್ಧದಷ್ಟು ಕಲ್ಲಿದ್ದಲು, ತೈಲ, ಅನಿಲಗಳನ್ನು ಅವಲಂಬಿಸದ ಮೂಲಗಳಿಂದ ಇರಬೇಕೆಂಬುದು ಭಾರತ ಜಗತ್ತಿಗೆ ಕೊಟ್ಟ ವಚನ. 2025ರಲ್ಲಿಯೇ ಆ ಗುರಿ ಮುಟ್ಟಿತು. ಅದಕ್ಕಾಗಿ ಪಾವಗಡದಲ್ಲಿ ರೈತರಿಂದ ಸುಮಾರು 13,000 ಎಕರೆ ಗುತ್ತಿಗೆ ಪಡೆದು ಕಟ್ಟಿದಂಥ ಸೌರ ಉದ್ಯಾನಗಳು ಬಂದವು. ಸೌರಶಕ್ತಿ ಸಿಗುವುದು ಹಗಲಿನಲ್ಲಿ, ಪಟ್ಟಣಕ್ಕೆ ಹೆಚ್ಚು ಬೇಕಾಗುವುದು ಸಂಜೆ. ಹಗಲಿನ ವಿದ್ಯುತ್ತನ್ನು ಕೂಡಿಡುವ ಉಪಾಯವಾಗಿ ಕೆಳಗಿನ ಜಲಾಶಯದ ನೀರನ್ನು ಮೇಲಿನದಕ್ಕೆ ಎತ್ತಿ, ಸಂಜೆ ಕೆಳಕ್ಕೆ ಬಿಡುವ ಪಂಪ್ಡ್ ಸ್ಟೋರೇಜ್ ಯೋಜನೆಗಳು ಹುಟ್ಟಿಕೊಂಡವು. ಹೀಗೆ ಗೇರುಸೊಪ್ಪೆಯ ನೀರನ್ನು ತಲಕಳಲೆಗೆ ಎತ್ತುವ 2,000 ಮೆಗಾವಾಟ್ ಯೋಜನೆ ಸಿಂಗಳೀಕಗಳ ಅಭಯಾರಣ್ಯದೊಳಕ್ಕೆ, ಶರಾವತಿ ಕಣಿವೆಯ ಗರ್ಭಕ್ಕೆ ಬಂದು ನಿಂತಿತು. ನೀರನ್ನು ಮೇಲೆತ್ತಲು ತಗಲುವ ವಿದ್ಯುತ್ತು ಮರಳಿ ಸಿಗುವುದಕ್ಕಿಂತ ಹೆಚ್ಚು. 2025ರ ಸಾರ್ವಜನಿಕ ಅಹವಾಲು ಸಭೆಗಳಲ್ಲಿ ಕಣಿವೆಯ ಜನ ಇದನ್ನು ಬಲವಾಗಿ ವಿರೋಧಿಸಿದರು. ವಚನ ಕೊಡುವಾಗ ಅವರನ್ನು ಯಾರೂ ಕೇಳಿರಲಿಲ್ಲ.

ಕೇಳುವ ಕಟ್ಟಳೆಯೂ ಇಲ್ಲ. ಭಾರತದಲ್ಲಿ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸಂಸತ್ತಿನ ಅನುಮೋದನೆ ಕಡ್ಡಾಯವಲ್ಲ, ಸಂಪುಟದ ತೀರ್ಮಾನ ಸಾಕು. ಪ್ಯಾರಿಸ್ ಒಪ್ಪಂದಕ್ಕೆ ಭಾರತ ಸ್ಥಿರೀಕರಣ ನೀಡಿದ್ದು ಹಾಗೆಯೇ, 2016ರ ಗಾಂಧಿ ಜಯಂತಿಯಂದು.

ಕಾಡಿನ ಲೆಕ್ಕ ಇನ್ನೂ ಸೂಕ್ಷ್ಮ. 250ರಿಂದ 300 ಕೋಟಿ ಟನ್ ಇಂಗಾಲದ ಡೈಆಕ್ಸೈಡನ್ನು ಹೆಚ್ಚುವರಿ ಮರಗಿಡಗಳ ಮೂಲಕ ಹೀರಿಸುವುದು ಪ್ಯಾರಿಸ್ ಮುನ್ನ ಕೊಟ್ಟ ಇನ್ನೊಂದು ವಚನ. ಒಂದು ಹೆಕ್ಟೇರಿನಷ್ಟು ಜಾಗದಲ್ಲಿ ಶೇ 10ರಷ್ಟು ನೆತ್ತಿ ಹಸಿರಾಗಿದ್ದರೆ ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆ ಅದನ್ನು ಅರಣ್ಯ ಹೊದಿಕೆಯಾಗಿ ಎಣಿಸುತ್ತದೆ. ಉಪಗ್ರಹದ ಕಣ್ಣಿಗೆ ಶೋಲಾ ಕಾಡೂ ಅಕೇಶಿಯಾ ನೆಡುತೋಪೂ ರಬ್ಬರ್ ತೋಟವೂ ಹಸಿರೇ. 1983ರಲ್ಲಿ ಶಿರಸಿಯ ಸಲ್ಕಣಿಯಲ್ಲಿ ಮರಗಳನ್ನು ಅಪ್ಪಿಕೊಂಡು ನಿಂತವರ ಲೆಕ್ಕವೇ ಬೇರೆಯಿತ್ತು: ಒರತೆಯ ನೀರು, ತೋಟಕ್ಕೆ ಸೊಪ್ಪು, ಜೇನು, ಮುರುಗಲು, ವಾಟೆ. ಟನ್ನಿನಲ್ಲಿ ಅಳೆಯಲಾಗದ ಇವೆಲ್ಲ ಒಪ್ಪಂದದ ಕೋಷ್ಟಕದಲ್ಲಿ ಕಾಣಿಸುವುದಿಲ್ಲ. ಕಾಣಿಸದ್ದನ್ನು ಕಡಿದು, ಕಾಣಿಸುವುದನ್ನು ನೆಟ್ಟು ವಚನ ಪೂರೈಸಿದೆವೆಂದು ಹೇಳಿಕೊಳ್ಳಲು ಅಡ್ಡಿಯೇನಿಲ್ಲ. ಅಡ್ಡಿ ಬರಬೇಕಾದವರು ಸೊಪ್ಪಿನಬೆಟ್ಟದವರು. ಅವರಿಗೆ ಆ ಕೋಷ್ಟಕವನ್ನು ಕನ್ನಡದಲ್ಲಿ ಓದಿ ಹೇಳಿದವರಿಲ್ಲ.

ಇಷ್ಟೆಲ್ಲ ಹೇಳುವಾಗ ಮಲೆನಾಡು ತನ್ನ ಮುಖವನ್ನೂ ಕನ್ನಡಿಯಲ್ಲಿ ನೋಡಿಕೊಳ್ಳಬೇಕು. 2011ರ ಗಾಡ್ಗೀಳ್ ವರದಿಯನ್ನೂ 2013ರ ಕಸ್ತೂರಿರಂಗನ್ ವರದಿಯನ್ನೂ ಓದದೆಯೇ ವಿರೋಧಿಸಿದ ಊರುಗಳು ಕಡಿಮೆಯೇನಿರಲಿಲ್ಲ. ಗ್ರಾಮಸಭೆಗಳ ಅಭಿಪ್ರಾಯ ಕೇಳಿಯೇ ವಲಯಗಳ ಗಡಿ ತೀರ್ಮಾನವಾಗಬೇಕೆಂದು ಗಾಡ್ಗೀಳ್ ಸಮಿತಿ ಹೇಳಿತ್ತು. ಆ ಪುಟ ಹಳ್ಳಿಗೆ ತಲುಪುವ ಮೊದಲೇ ಭಯ ತಲುಪಿತ್ತು. ಹಾಗೆಯೇ, ಗುಡ್ಡ ಜರಿದದ್ದಕ್ಕೆಲ್ಲ ಹವಾಮಾನವನ್ನೇ ದೂರುವ ಅಭ್ಯಾಸವೂ ಬೆಳೆಯುತ್ತಿದೆ. 2024ರ ಜುಲೈನಲ್ಲಿ ವಯನಾಡಿನ ಚೂರಲ್‌ಮಲೆಯನ್ನು ಕೊಚ್ಚಿದ ಮಳೆ ಭೂಮಿ ಬಿಸಿಯಾದ ಕಾರಣ ಸುಮಾರು ಶೇ 10ರಷ್ಟು ಬಿರುಸಾಗಿತ್ತು ಎಂದು ವಿಜ್ಞಾನಿಗಳ ತಂಡವೊಂದು ಲೆಕ್ಕಹಾಕಿದೆ. ಆ ಹತ್ತರ ಹೊಣೆಯನ್ನು ಶ್ರೀಮಂತ ದೇಶಗಳ ಮುಂದಿಡಬಹುದು. ಅದೇ ತಿಂಗಳು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದಾಗಿ ಕೊರೆದ ಗುಡ್ಡ ಕುಸಿದದ್ದರ ಹೊಣೆಯನ್ನು ಹೊರದೇಶದವರ ತಲೆಗೆ ಕಟ್ಟಲಾಗದು. ಎರಡನ್ನೂ ಬೇರ್ಪಡಿಸಿ ಹೇಳುವ ಎದೆಗಾರಿಕೆ ಇದ್ದಾಗ ಮಾತ್ರ ಬೆಟ್ಟದವರ ಮಾತಿಗೆ ಹೊರಗೆ ತೂಕ ಬರುತ್ತದೆ.

ಮಾತುಕತೆಯಲ್ಲಿ ಒಂದೊಂದು ಪದಕ್ಕೂ ಬೆಲೆಯಿದೆ. 2021ರಲ್ಲಿ ಗ್ಲಾಸ್ಗೋದಲ್ಲಿ ಕಲ್ಲಿದ್ದಲನ್ನು ಕೊನೆಗಾಣಿಸುವುದು ಎಂದಿದ್ದ ವಾಕ್ಯ ಭಾರತದ ಒತ್ತಾಯದಿಂದ ಕೊನೆಯ ಗಳಿಗೆಯಲ್ಲಿ ತಗ್ಗಿಸುವುದು ಎಂದು ಬದಲಾಯಿತು. ಅದನ್ನು ಕೆಲವರು ಗೆಲುವೆಂದರು, ಕೆಲವರು ನಾಚಿಕೆಗೇಡೆಂದರು. 2022ರಲ್ಲಿ ಒಪ್ಪಿಗೆಯಾದ ನಷ್ಟ ಪರಿಹಾರ ನಿಧಿಯೂ ಬಡದೇಶಗಳು ವರ್ಷಗಟ್ಟಲೆ ಬಿಡದೆ ಕೇಳಿದ್ದರ ಫಲ. ಜಾತ್ರೆಯೆಂದು ನಕ್ಕು ಬಿಡುವವರು ಇದನ್ನು ಮರೆಯುತ್ತಾರೆ. 2024ರಲ್ಲಿ ಬಾಕುವಿನಲ್ಲಿ ವರ್ಷಕ್ಕೆ 30,000 ಕೋಟಿ ಡಾಲರ್ ಎಂದು ತೀರ್ಮಾನವಾದಾಗ ಭಾರತದ ಪ್ರತಿನಿಧಿ ಸಭೆಯಲ್ಲಿಯೇ ಎದ್ದು ಅದು ಸಾಲದೆಂದು ಪ್ರತಿಭಟಿಸಿದರು. ಸರಿಯಾಗಿಯೇ ಪ್ರತಿಭಟಿಸಿದರು. ಆ ಹಣ ಬಂದರೆ ಅದರಲ್ಲಿ ಕೊಡಗಿನ ಜರಿದ ಇಳಿಜಾರಿಗೆಷ್ಟು, ಹೊಸ ಸುರಂಗಕ್ಕೆಷ್ಟು ಎಂಬುದನ್ನು ತೀರ್ಮಾನಿಸುವ ಸಭೆ ಮಾತ್ರ ಬಾಕುವಿನಲ್ಲಿ ನಡೆಯುವಂಥದ್ದಲ್ಲ.

ರಾಜ್ಯ ಸರ್ಕಾರ ಹವಾಮಾನ ಬದಲಾವಣೆ ಕುರಿತು ಸಿದ್ಧಪಡಿಸಿದ ಕ್ರಿಯಾ ಯೋಜನೆಯಿದೆ. ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಆ ಯೋಜನೆಯಿಂದ ತಮ್ಮ ತಾಲೂಕಿನ ಪುಟಗಳನ್ನು ಹೆಕ್ಕಿ ಸರಳ ಕನ್ನಡದಲ್ಲಿ ಬರೆದುಕೊಡುವುದು ಪದವಿ ವಿದ್ಯಾರ್ಥಿಗಳು ಒಂದು ರಜೆಯಲ್ಲಿ ಮುಗಿಸಬಹುದಾದ ಕೆಲಸ. ಮಳೆ, ಹೂ, ಒರತೆಗಳ ದಿನಾಂಕವನ್ನು ಊರಿನ ಹಿರಿಯರಿಂದ ಕೇಳಿ ಬರೆದಿಡುವುದು ಇನ್ನೊಂದು ಕೆಲಸ. ನಷ್ಟ ಕೇಳಬೇಕಾದ ದಿನ ಬಂದಾಗ ಆ ಪುಸ್ತಕ ದಾಖಲೆಯಾಗಿ ನಿಲ್ಲುತ್ತದೆ. ಗಾಂಧಿ ಜಯಂತಿಯಂದು ಗ್ರಾಮಸಭೆ ಕರೆಯುವ ರೂಢಿ ಪಂಚಾಯಿತಿಗಳಲ್ಲಿದೆ. ಮನೆ ಹಂಚಿಕೆ, ರಸ್ತೆ, ಬೀದಿದೀಪಗಳ ಚರ್ಚೆ ಮುಗಿದ ಮೇಲೆ ದೇಶ ಹೊರಗೆ ಏನು ವಚನ ಕೊಟ್ಟಿದೆ, ಅದರಲ್ಲಿ ಈ ಊರಿನ ಬೆಟ್ಟ ಎಷ್ಟು ಸೇರಿದೆ ಎಂಬ ಒಂದು ವಿಷಯವನ್ನೂ ಆ ಸಭೆಯ ಕಾರ್ಯಸೂಚಿಗೆ ಹಾಕಿಸಲು ಸದಸ್ಯರೊಬ್ಬರ ಅರ್ಜಿ ಸಾಕು.