ಹಿಡಿದು ಕಾಡಿಗೆ ಬಿಟ್ಟರಾಯಿತೇ?

ಇಲಿಬೋನಿಗೆ ಬಿದ್ದ ಇಲಿಯನ್ನು ನೀವು ಏನು ಮಾಡುತ್ತೀರಿ? ಕೊಲ್ಲಲು ಮನಸ್ಸು ಬಾರದು. ಬೋನಿಗೆ ಹಳೆಯ ಚೀಲ ಸುತ್ತಿ, ಕತ್ತಲಾದ ಮೇಲೆ ಯಜಮಾನರ ಕೈಗೋ ಮಗನ ಕೈಗೋ ಕೊಟ್ಟು, ಎರಡು ಬೀದಿ ಆಚೆಯ ಖಾಲಿ ನಿವೇಶನದಲ್ಲಿ ಬಿಟ್ಟು ಬರಲು ಹೇಳುತ್ತೇವೆ. ಪ್ರಾಣ ಉಳಿಸಿದ ಪುಣ್ಯವೂ ಬಂತು, ಕಾಟವೂ ತಪ್ಪಿತು ಎಂದು ಆ ರಾತ್ರಿ ನೆಮ್ಮದಿಯಾಗಿ ನಿದ್ದೆ ಬರುತ್ತದೆ. ಆಚೆ ಬೀದಿಯವರೂ ಬೋನಿಡುತ್ತಾರೆ, ಅವರಿಗೂ ನಮ್ಮಷ್ಟೇ ಕರುಣೆಯಿದೆ, ಅವರ ಮನೆಯ ಇಲಿ ಆಗಲೇ ನಮ್ಮ ಹಿತ್ತಲಿಗೆ ಬಂದಿದೆ ಎಂಬುದು ಮಾತ್ರ ಹೊಳೆಯುವುದಿಲ್ಲ.

ಇಲಿಯ ಮಟ್ಟಿಗೆ ಇದು ನಗುವ ಮಾತು. ಕೋತಿಯ ಮಟ್ಟಿಗೆ ಅಲ್ಲ.

ನಾನಿರುವ ಬಡಾವಣೆಯ ಹೆಂಗಸರೆಲ್ಲ ಸೇರಿ ಒಂದು ಅರ್ಜಿ ಬರೆದರು. ‘ಕೋತಿಗಳನ್ನು ಹಿಡಿಸಿ ಕಾಡಿಗೆ ಬಿಡಿಸಿಕೊಡಬೇಕು’ ಎಂಬುದು ಅದರ ಸಾರಾಂಶ. ಟೀಚರಲ್ಲವೇ, ಒಕ್ಕಣೆ ನೋಡಿಕೊಡಿ ಎಂದು ನನ್ನ ಬಳಿ ತಂದರು. ಕಾಗುಣಿತ ತಿದ್ದಿಕೊಟ್ಟೆ, ಸಹಿ ಹಾಕಲಿಲ್ಲ. ಅಂದಿನಿಂದ ಕೆಲವರು ನನ್ನ ಜೊತೆ ಮಾತು ಕಡಿಮೆ ಮಾಡಿದ್ದಾರೆ. ಕಾರಣವನ್ನು ಇಲ್ಲಿ ಬರೆದೇ ಬಿಡುತ್ತೇನೆ.

ಅವರ ಕಷ್ಟ ಸುಳ್ಳಲ್ಲ. ಮಾಳಿಗೆಯ ಮೇಲೆ ಒಣಗಲು ಹಾಕಿದ ಸಂಡಿಗೆ ಉಳಿಯುವುದಿಲ್ಲ. ನೀರಿನ ತೊಟ್ಟಿಯ ಮುಚ್ಚಳ ತೆಗೆದು ಒಳಗೆ ಸ್ನಾನವೇ ಮಾಡುತ್ತವೆ. ಬಿಸ್ಕತ್ತು ಹಿಡಿದ ಮಗುವಿನ ಕೈ ಪರಚಿದ್ದನ್ನು ನಾನೇ ನೋಡಿದ್ದೇನೆ. ನನ್ನ ತಕರಾರು ‘ಕಾಡಿಗೆ ಬಿಡಿ’ ಎಂಬ ಎರಡೇ ಮಾತಿನ ಬಗ್ಗೆ. ಯಾವ ಕಾಡು? ಎಲ್ಲಿದೆ ಅದು?

ನಮ್ಮ ಜಿಲ್ಲೆಯ ನಕ್ಷೆಯನ್ನು ಒಮ್ಮೆ ಬಿಡಿಸಿ ನೋಡಿ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ, ಸುತ್ತಲೂ ಹಸಿರು. ಆದರೆ ಆ ಹಸಿರು ಮುಗಿದ ಕಡೆ ಬಯಲು ಇಲ್ಲ, ಹೊಲವಿದೆ. ಗುಂಡ್ಲುಪೇಟೆ ತಾಲ್ಲೂಕಿನ ಎಷ್ಟೋ ಊರುಗಳಲ್ಲಿ ಕಾಡಿಗೂ ಕಡಲೆಕಾಯಿ ಹೊಲಕ್ಕೂ ನಡುವೆ ಇರುವುದು ಒಂದು ಕಂದಕ ಮಾತ್ರ. ನೀವು ಊಟಿಗೆ ಹೋಗುವಾಗ ಕಾರು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುತ್ತೀರಲ್ಲ, ಆ ಸೂರ್ಯಕಾಂತಿ, ಚೆಂಡು ಹೂವಿನ ಹೊಲಗಳ ಬೆನ್ನ ಹಿಂದಿರುವುದೇ ಕಾಡು. ಪೇಟೆಯಲ್ಲಿ ಹಿಡಿದ ಕೋತಿಗಳನ್ನು ತುಂಬಿಕೊಂಡು ಹೊರಟ ಗಾಡಿ ಕಾಡಿನ ಎದೆಯೊಳಕ್ಕೆ ಹೋಗುವುದಿಲ್ಲ. ರಾತ್ರಿಯ ಹೊತ್ತು, ರಸ್ತೆ ಮುಗಿಯುವ ಕಡೆ, ಯಾರೂ ನೋಡದ ಕಡೆ ಬೋನಿನ ಬಾಗಿಲು ತೆಗೆಯುತ್ತದೆ. ಇಡ್ಲಿ, ಚಿಪ್ಸು, ಪ್ರಸಾದದ ಬಾಳೆಹಣ್ಣು ತಿಂದು ಬೆಳೆದ ಪ್ರಾಣಿ ಕಾಡಿನಲ್ಲಿ ಯಾವ ಎಲೆ ತಿನ್ನಬೇಕು, ಯಾವ ಕಾಯಿ ಯಾವ ತಿಂಗಳು ಬಿಡುತ್ತದೆ ಎಂದು ಎಲ್ಲಿ ಕಲಿಯಬೇಕು? ಹೊಗೆ ಏಳುವ ಮೊದಲ ಊರಿಗೆ ಬರುತ್ತದೆ.

ಕಾಡಂಚಿನ ಶಾಲೆಗಳಲ್ಲಿ ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಪಾಠ ಮಾಡಿದವಳು. ಒಬ್ಬ ತಾಯಿ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ಇವು ಕಾಡ ಕೋತಿ ಅಲ್ಲ ಕನ್ ಮೇಡಮ್ಮೋರ, ನಿಮ್ ಪ್ಯಾಟವು. ಕಾಡವಾದ್ರ ಕಲ್ಲೆತ್ತುದ್ರ ಓಡ್ತವ. ಇವು ಕಲ್ಲೆತ್ತುದ್ರ ಹಲ್ಲು ಕಿರೀತವ.” ಆಕೆಯ ಮನೆ ಹೆಂಚಿನದು. ನಿಮ್ಮ ತಾರಸಿ ಮನೆಗೆ ಕೋತಿ ಬಂದರೆ ಕಿಟಕಿ ಹಾಕಿಕೊಳ್ಳುತ್ತೀರಿ. ಹೆಂಚಿನ ಮನೆಗೆ ಅದು ಚಾವಣಿಯಿಂದಲೇ ಇಳಿಯುತ್ತದೆ. ಹಿತ್ತಲಿನ ಸೀಬೆ, ಪರಂಗಿ, ಚಪ್ಪರದ ಅವರೆ ಎಲ್ಲ ಹೆಂಗಸರ ಬೆಳೆ, ಅವರ ಕೈಖರ್ಚಿನ ಕಾಸು. ಅದು ಹೋದರೆ ಯಾವ ಲೆಕ್ಕದಲ್ಲೂ ಬರುವುದಿಲ್ಲ. ಕಡಲೆಕಾಯಿ ಕೀಳುವ ಕಾಲದಲ್ಲಿ ನನ್ನ ತರಗತಿಯ ಹಾಜರಿ ಪುಸ್ತಕ ನೋಡಬೇಕಿತ್ತು, ಹೆಣ್ಣುಮಕ್ಕಳ ಸಾಲಿನಲ್ಲಿ ಗೈರು ಗೈರು ಗೈರು. ಹಗಲು ಕೋತಿ ಕಾಯುವುದು ಅವರ ಪಾಲು. ರಾತ್ರಿ ಅಪ್ಪನ ಜೊತೆ ಅಟ್ಟಣೆ ಹತ್ತಿ ಹಂದಿ ಕಾಯುವುದು ಹುಡುಗರ ಪಾಲು. ಅವರು ಶಾಲೆಗೇನೋ ಬರುತ್ತಿದ್ದರು, ಬಂದು ಡೆಸ್ಕಿನ ಮೇಲೆ ಮಲಗುತ್ತಿದ್ದರು. ಲೆಕ್ಕ ಬಾರದ ಮಕ್ಕಳೆಂದು ನಾವು ಅಂಕಪಟ್ಟಿಯಲ್ಲಿ ಬರೆಯುತ್ತೇವೆ.

ಹೀಗೆ ಎಲ್ಲರ ಕಾಟವೂ ಬಂದು ಸೇರುವ ಊರಿನಲ್ಲಿ ಒಂದು ದಿನ ಯಾರೋ ವಿಷದ ಡಬ್ಬಿ ತೆಗೆಯುತ್ತಾರೆ. 2025ರ ಜೂನ್ ಕೊನೆಯಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ಹೆಣ್ಣು ಹುಲಿ ತನ್ನ ನಾಲ್ಕು ಮರಿಗಳ ಜೊತೆ ಸತ್ತು ಬಿದ್ದಿತ್ತು. ಅದು ಕೊಂದ ಹಸುವಿನ ಮೈಗೇ ವಿಷ ಹಾಕಿದ್ದರು. ಆ ಸುದ್ದಿ ಆರುವ ಮೊದಲೇ ಜುಲೈ ಆರಂಭದಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಕಂದೇಗಾಲ–ಕೊಡಸೋಗೆ ರಸ್ತೆಯ ಬದಿಯಲ್ಲಿ ಚೀಲಗಳಲ್ಲಿ ತುಂಬಿ ಎಸೆದ ಕೋತಿಗಳು ಸಿಕ್ಕವು, ಇಪ್ಪತ್ತರ ಸುಮಾರು. ಹುಲಿಗೆ ದೇಶವೆಲ್ಲ ಅತ್ತಿತು. ಕೋತಿಗೆ ಎರಡು ದಿನ. ಆ ಕೋತಿಗಳು ಪೇಟೆಯಿಂದ ಬಂದವು ಎಂಬುದು ನನ್ನ ವಾದವಲ್ಲ. ವಿಷವಿಟ್ಟವರ ಪರವಾಗಿಯೂ ನಾನಿಲ್ಲ. ಆದರೆ ‘ಎಂಥ ಕಟುಕರು ಈ ಹಳ್ಳಿಯವರು’ ಎಂದು ಪೇಟೆಯ ಸೋಫಾದ ಮೇಲೆ ಕುಳಿತು ಹೇಳಿದವರಲ್ಲಿ ಅರ್ಜಿಗೆ ಸಹಿ ಹಾಕಿದ ಕೈಗಳೂ ಇದ್ದವು. ಆಗ ನನಗೆ ತಡೆಯಲಾಗಲಿಲ್ಲ.

ವಿಷಕ್ಕೆ, ಉರುಳಿಗೆ ಕಣ್ಣಿಲ್ಲ. ಬೈಕಿನ ಬ್ರೇಕ್ ತಂತಿಯಿಂದ ಮಾಡಿದ ಉರುಳನ್ನು ಬೇಲಿಯ ಸಂದಿಯಲ್ಲಿ ಇಡುವುದು ಹಂದಿಗೆ, ಮೊಲಕ್ಕೆ. ಬೀಳುವುದು ಚಿರತೆ. ಕಂಬದಿಂದ ನೇರವಾಗಿ ಬೇಲಿಗೆ ಎಳೆದ ಕರೆಂಟಿಗೆ ಸಿಕ್ಕುವುದು ಆನೆ. ಕೆಲವೊಮ್ಮೆ ಬೆಳಗಿನ ಜಾವ ಹೊಲಕ್ಕೆ ಹೋದ ಮನೆಯವರೇ. 2020ರ ಮೇ ತಿಂಗಳಲ್ಲಿ ನೆರೆಯ ಪಾಲಕ್ಕಾಡಿನಲ್ಲಿ ಸಿಡಿಮದ್ದು ತುಂಬಿದ ಹಣ್ಣು ಕಚ್ಚಿ ಬಸುರಿ ಆನೆಯೊಂದು ಹೊಳೆಯಲ್ಲಿ ನಿಂತೇ ಸತ್ತದ್ದು ನೆನಪಿದೆಯಲ್ಲ? ಅಂಥ ಮದ್ದನ್ನು ಇಡುವುದು ಹಂದಿಗೆಂದು. (ಇಲ್ಲಿಯ ಮೊಲ ಪಠ್ಯಪುಸ್ತಕದ ಬಿಳಿ ಮೊಲವಲ್ಲ. ಬಿಲ ತೋಡದ, ಪೊದೆಯಲ್ಲಿ ಮಲಗುವ ಕಂದು ಜೀವ. ಇದು ತಿನ್ನುವ ಅಷ್ಟು ಹುರುಳಿ ಚಿಗುರಿಗೆ ಯಾವ ರೈತನೂ ಮುಳುಗಿಲ್ಲ. ಕೂದಲು ಸೊಂಪಾಗುತ್ತದೆಂದು ಸಂತೆಯಲ್ಲಿ ‘ಮೊಲದ ರಕ್ತದ ಎಣ್ಣೆ’ ಕೊಳ್ಳುವವರು ನಮ್ಮವರೇ, ಉರುಳಿಗೆ ಅವರೂ ಕಾಸು ಕೊಟ್ಟಂತೆ.)

ಹಿಡಿದು ಬೇರೆ ಕಡೆ ಬಿಡುವುದರಿಂದ ಏನಾಗುತ್ತದೆಂದು ನೋಡಿದವರಿದ್ದಾರೆ. ಮಹಾರಾಷ್ಟ್ರದ ಜುನ್ನರ್‌ನಲ್ಲಿ ಈ ಶತಮಾನದ ಆರಂಭದಲ್ಲಿ ಹೊಲಗಳಲ್ಲಿ ಕಂಡ ಚಿರತೆಗಳನ್ನೆಲ್ಲ ಬೋನಿನಲ್ಲಿ ಹಿಡಿದು ಕಾಡುಗಳಲ್ಲಿ ಬಿಟ್ಟರು. ವಿದ್ಯಾ ಅತ್ರೇಯ ಮತ್ತು ಜೊತೆಯವರು ಆ ಲೆಕ್ಕ ತೆಗೆದಾಗ, ಅದಾದ ಮೇಲೆ ಮನುಷ್ಯರ ಮೇಲಿನ ದಾಳಿ ಕಡಿಮೆಯಾಗುವ ಬದಲು ಹೆಚ್ಚಿತ್ತು. ಕೋತಿಯ ಕಥೆಯೂ ಅದೇ. ಅವುಗಳಲ್ಲಿ ಹೆಣ್ಣು ಹುಟ್ಟಿದ ಗುಂಪನ್ನು ಬಿಟ್ಟು ಹೋಗುವುದಿಲ್ಲ. ಅಜ್ಜಿ, ತಾಯಿ, ಮಗಳು ಒಂದೇ ಕಡೆ. ಬಲಿತ ಗಂಡು ಬೇರೆ ಗುಂಪಿಗೆ ಹೋಗಬೇಕು. ನಮಗಿಂತ ಜಾಣೆಯರು! ಬೋನು ಆ ಗುಂಪನ್ನು ಅರ್ಧಕ್ಕೆ ಹರಿದು ಒಯ್ಯುತ್ತದೆ. ಉಳಿದ ಅರ್ಧಕ್ಕೆ ಕಸದ ತೊಟ್ಟಿಯ ಅನ್ನ ಪೂರ್ತಿ ಸಿಗುತ್ತದೆ, ಮರಿಗಳು ಚೆನ್ನಾಗಿ ಬದುಕುತ್ತವೆ. ಎರಡು ವರ್ಷಕ್ಕೆ ಇನ್ನೊಂದು ಅರ್ಜಿ.

ರೋಗದ ಮಾತೂ ಇದೆ. 2012ರ ಕೊನೆಯಲ್ಲಿ ಬಂಡೀಪುರದಲ್ಲಿ ಕೋತಿಗಳು ಸತ್ತಾಗ ಅವುಗಳ ಹೆಣ ಮುಟ್ಟಿದ ಅರಣ್ಯ ಇಲಾಖೆಯ ಕೆಲಸಗಾರರಿಗೆ ಜ್ವರ ಹಿಡಿಯಿತು. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯೇ ಅದು. ಅದನ್ನು ಹರಡುವುದು ಉಣ್ಣೆ. ಕೋತಿಯನ್ನು ಗಾಡಿಯಲ್ಲಿ ಒಯ್ದರೆ ಮೈಮೇಲಿನ ಉಣ್ಣೆಯೂ ಟಿಕೆಟ್ಟಿಲ್ಲದೆ ಹೋಗುತ್ತದೆ.

ಕಾನೂನು ಬೇಕೆನ್ನುವವರಿಗೆ ಒಂದು ಮಾತು. 1972ರ ವನ್ಯಜೀವಿ ಕಾಯ್ದೆಯಲ್ಲಿ ‘ಬೇಟೆ’ ಎಂದರೆ ಕೊಲ್ಲುವುದಷ್ಟೇ ಅಲ್ಲ. ಹಿಡಿಯುವುದು, ಉರುಳು ಹಾಕುವುದು, ಬೋನಿಡುವುದು ಎಲ್ಲವೂ ಬೇಟೆಯೇ. ಮೇಲಧಿಕಾರಿಯ ಲಿಖಿತ ಅನುಮತಿಯಿಲ್ಲದೆ ಕೋತಿ ಹಿಡಿಸಿದವರು ಮೊಲಕ್ಕೆ ಉರುಳಿಟ್ಟವನ ಸಾಲಿನಲ್ಲೇ ನಿಲ್ಲುತ್ತಾರೆ.

2025ರ ಸೆಪ್ಟೆಂಬರಿನಲ್ಲಿ ಬೊಮ್ಮಲಾಪುರದ ಜನ ಹುಲಿಗೆಂದು ಇಟ್ಟಿದ್ದ ಬೋನಿಗೆ ಅರಣ್ಯ ಸಿಬ್ಬಂದಿಯನ್ನೇ ಕೂಡಿಹಾಕಿದ್ದನ್ನು ಓದಿ ಪೇಟೆಯಲ್ಲಿ ಬಹಳ ಮಂದಿ ನಕ್ಕರು. ನನಗೆ ನಗು ಬರಲಿಲ್ಲ. ಆ ಸಿಬ್ಬಂದಿಯೂ ಸಂಬಳಕ್ಕೆ ದುಡಿಯುವ ಬಡವರೇ, ಮಾಡಿದ್ದು ತಪ್ಪೇ. ಆದರೆ ದಿನಾ ಹಟ್ಟಿಯಲ್ಲಿ ಕರು ಎಣಿಸುವವರ ತಾಳ್ಮೆ ಎಲ್ಲಿಗೆ ಬಂದು ನಿಂತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಹಾಗಾದರೆ ಪೇಟೆಯ ನಾವು ಕೋತಿ ಪರಚಿಸಿಕೊಂಡು ಸುಮ್ಮನಿರಬೇಕೇ? ಬೇಡ. ಶನಿವಾರ ಆಂಜನೇಯನ ಗುಡಿಯ ಮುಂದೆ ಬಾಳೆಹಣ್ಣು ಎಸೆದು, ಸೋಮವಾರ ಅರ್ಜಿ ಬರೆಯುವುದನ್ನು ಮೊದಲು ಬಿಡೋಣ. ಹಣ್ಣನ್ನು ಗುಡಿಯ ಹೊರಗೆ ಕುಳಿತ ಅಜ್ಜಿಗೆ ಕೊಟ್ಟರೆ ಸ್ವಾಮಿ ಕೋಪಿಸಿಕೊಳ್ಳುವುದಿಲ್ಲ. ಮುಸುರೆ, ಅನ್ನ ಮುಚ್ಚಳವಿರುವ ಡಬ್ಬಿಗೆ ಹೋಗಲಿ, ತೊಟ್ಟಿಯ ಮುಚ್ಚಳಕ್ಕೆ ಚಿಲಕ ಬರಲಿ, ಕಿಟಕಿಗೆ ಜಾಲರಿ ಬರಲಿ. ಊಟಿ ದಾರಿಯಲ್ಲಿ ಕಾರಿನ ಗಾಜು ಇಳಿಸಿ ಚಿಪ್ಸ್ ಕೊಡುವ ಮಕ್ಕಳ ಕೈ ಹಿಡಿಯೋಣ. ತಿನ್ನಲು ಸಿಗದ ಕಡೆ ಕೋತಿ ಸಂಸಾರ ಹೂಡುವುದಿಲ್ಲ.

ಇನ್ನು ಹಳ್ಳಿಯ ಹೊಲ. ನಾವು ಸ್ಟೀಲ್ ಪಾತ್ರೆಯವನಿಗೆ ಹಾಕಿ ಡಬರಿ ತೆಗೆದುಕೊಂಡ ಹಳೆಯ ಸೀರೆಗಳು ಎಲ್ಲಿಗೆ ಹೋಗುತ್ತವೆ ಗೊತ್ತೇ? ಎಷ್ಟೋ ಸೀರೆಗಳು ಹೊಲದ ಸುತ್ತ ಗೂಟಕ್ಕೆ ಕಟ್ಟಿ ನಿಂತಿವೆ. ಹಂದಿ ಅದನ್ನು ಕಂಡು ಕೆಲವು ದಿನ ಹಿಂಜರಿಯುತ್ತದೆ, ಆಮೇಲೆ ಅಡಿಯಲ್ಲೇ ನುಗ್ಗುತ್ತದೆ. ಇದಕ್ಕಿಂತ ಗಟ್ಟಿ ಉಪಾಯ ಸೋಲಾರ್ ಬೇಲಿ. ಅದರಲ್ಲಿ ಕರೆಂಟು ಬಿಟ್ಟು ಬಿಟ್ಟು ಹರಿಯುತ್ತದೆ, ಮುಟ್ಟಿದವರಿಗೆ ಜೋರಾಗಿ ಹೊಡೆಯುತ್ತದೆ, ಜೀವ ತೆಗೆಯುವುದಿಲ್ಲ. ಆದರೆ ಎರಡು ಎಕರೆಯವಳಿಗೆ ಅದರ ಬೆಲೆ ಕೈಗೆಟುಕದು. ಬೆಳೆ ಪರಿಹಾರ ಕೇಳಲು ಹೋದರೆ ಪಹಣಿ ಇನ್ನೂ ಸತ್ತ ಮಾವನ ಹೆಸರಿನಲ್ಲೇ ಇರುತ್ತದೆ. ಗುತ್ತಿಗೆಗೆ ಹೊಲ ಮಾಡುವವಳಿಗೆ ಪಹಣಿಯೇ ಇಲ್ಲ. ನಮ್ಮ ಬೀದಿಯ ಕೋತಿಗಳನ್ನು ಹಿಡಿದು ಸಾಗಿಸಲು ಕೊಡುವ ತೆರಿಗೆ ಹಣವನ್ನು ಆಕೆಯ ಬೇಲಿಗೆ ಕೊಡಿ, ಹಾನಿಯಾದ ಬೆಳೆಯ ಪರಿಹಾರವನ್ನು ಪಹಣಿ ಇದ್ದವರಿಗಲ್ಲ, ಉತ್ತವರಿಗೆ ಕೊಡಿ ಎಂದು ಪೇಟೆಯ ಹೆಂಗಸರು ಒಂದು ಅರ್ಜಿ ಬರೆದದ್ದನ್ನು ನಾನು ಇದುವರೆಗೆ ಕಂಡಿಲ್ಲ.