‘ಹಾಳು’ ಎಂಬ ವಿಶೇಷಣ: ಅರ್ಥ ಮತ್ತು ಬಳಕೆ

ಮನುಷ್ಯವಾಸಕ್ಕೆ ಒಗ್ಗದ ಸ್ಥಳವನ್ನು ಸೂಚಿಸಲು ಇಂದಿನ ಬರವಣಿಗೆಯಲ್ಲಿ ‘ಬರಡು’, ‘ನಿರ್ಜನ’, ‘ಹಾಳು’ ಎಂಬ ಪದಗಳು ಒಂದರ ಬದಲಿಗೆ ಇನ್ನೊಂದು ಎಂಬಂತೆ ಬಳಕೆಯಾಗುತ್ತಿವೆ. ಅನುವಾದಗಳಲ್ಲಂತೂ ಇದು ಸಾಮಾನ್ಯ. ಈ ಬಳಕೆ ಪುನರ್ವಿಮರ್ಶೆಗೆ ಅರ್ಹವಾಗಿದೆ. ‘ಬರಡು’ ನೆಲದ ಗುಣವನ್ನು ಹೇಳಿದರೆ, ‘ಹಾಳು’ ಅಲ್ಲಿ ಹಿಂದೊಮ್ಮೆ ಬದುಕಿತ್ತೆಂಬುದನ್ನು ಹೇಳುತ್ತದೆ.

ಹಳಗನ್ನಡದ ‘ಪಾೞ್’ ಪಕಾರವು ಹಕಾರವಾಗಿ, ರಳವು ಕುಳವಾಗಿ ‘ಹಾಳು’ ಆಗಿದೆ. ತಮಿಳಿನ ‘ಪಾೞ್’, ತೆಲುಗಿನ ‘ಪಾಡು’ ಇದರ ಜ್ಞಾತಿಪದಗಳು. ಹಾಳೂರು, ಹಾಳುಬಾವಿ, ಹಾಳುಗೋಡೆ, ಹಾಳು ಹಂಪೆ ಈ ಎಲ್ಲ ಪ್ರಯೋಗಗಳಲ್ಲೂ ವಿಶೇಷ್ಯವು ಮನುಷ್ಯನ ಕೈ ಸೋಕಿದ್ದೇ ಆಗಿರುವುದು ಗಮನಾರ್ಹ. ಮನೆ ಹಾಳು ಬೀಳಬಹುದು. ಬಂಡೆ ಹಾಳು ಬಿತ್ತೆಂದು ಯಾರೂ ಹೇಳುವುದಿಲ್ಲ. (‘ಹಾಳು ಮಳೆ’, ‘ಹಾಳು ಮರೆವು’ ಎಂಬ ಬೈಗುಳದ ಬಳಕೆ ಬೇರೆಯೇ ಮಾತು.)

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಈ ವ್ಯತ್ಯಾಸ ಹೆಚ್ಚು ಸ್ಪಷ್ಟವಾಗುತ್ತದೆ. 2010ರ ದಶಕದ ಬರಗಾಲಗಳಲ್ಲಿ ಇಲ್ಲಿನ ಕೊಳವೆಬಾವಿಗಳು ಬತ್ತಿ, ಅನೇಕ ತೋಟಗಳ ಮರಗಳು ಸುಳಿ ಕಳೆದುಕೊಂಡು ನಿಂತವು. ಅವು ‘ಒಣಗಿದ ತೋಟ’ಗಳು. ಮರಗಳು ಹಸಿರಾಗಿಯೇ ಇದ್ದು, ಉಳುವವರಿಲ್ಲದೆ, ಬಿದ್ದ ಕಾಯಿ ಹುಲ್ಲಿನಲ್ಲೇ ಮೊಳೆತರೆ ಅದು ‘ಹಾಳು ಬಿದ್ದ ತೋಟ’. ಉಂಡೆಕೊಬ್ಬರಿಗಾಗಿ ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿರಿಸುವ ಈ ಸೀಮೆಯಲ್ಲಿ, ಅಟ್ಟಕ್ಕೆ ಕಾಯಿ ಏರದ ಮನೆಯೂ ‘ಹಾಳು ಸುರಿಯುತ್ತದೆ’. ಮೊದಲನೆಯದಕ್ಕೆ ಮಳೆ ಪರಿಹಾರವಾದೀತು, ಎರಡನೆಯದಕ್ಕೆ ಆಗದು. ಎರಡನ್ನೂ ‘ಬರಡು’ ಎಂದು ಬರೆಯುವ ಸಂಶೋಧಕನು ವಲಸೆಯನ್ನು ಹವಾಮಾನದ ಲೆಕ್ಕಕ್ಕೆ ಹಾಕಿದಂತಾಗುತ್ತದೆ.

ಕಂದಾಯದ ಪರಿಭಾಷೆ ಇನ್ನೊಂದು ದಾರಿ ಹಿಡಿದಿದೆ. ಅರಬ್ಬಿ ಮೂಲದ ‘ಖರಾಬು’ ಪದಕ್ಕೆ ಹಾಳಾದದ್ದೆಂದೇ ಅರ್ಥ. ಆದರೆ ಪಹಣಿಯಲ್ಲಿ ಎಂದೂ ಉಳುಮೆಯಾಗದ ಬಂಡೆ, ಹಳ್ಳ, ದಾರಿಗಳೂ ಖರಾಬೇ. ಜನವಸತಿಯಿಲ್ಲದ ಗ್ರಾಮವನ್ನು ದಾಖಲೆಗಳು ‘ಬೇಚರಾಕ್’ ಎನ್ನುತ್ತವೆ. ಪಾರಸಿಯಲ್ಲಿ ‘ಬೇ-ಚಿರಾಗ್’ ಎಂದರೆ ದೀಪವಿಲ್ಲದ್ದು. ‘ದೀಪ ಹಚ್ಚುವವರಿಲ್ಲ’ ಎಂಬ ಕನ್ನಡದ ನುಡಿಗಟ್ಟಿಗೆ ಇದು ಎಷ್ಟು ಹತ್ತಿರ! ಆದರೂ ಬೇಚರಾಕ್ ಎಂಬುದು ‘ಹಾಳು’ ಪದಕ್ಕೆ ಸಮಾನಾರ್ಥಕವಲ್ಲ. ಒಂದು ದೀಪ ಉರಿದರೂ ಊರು ಬೇಚರಾಕ್ ಆಗದು. ಹಾಳೂರಿನಲ್ಲಾದರೋ ಒಬ್ಬನು ಉಳಿದಿರಬಲ್ಲ. ‘ಹಾಳೂರಿಗೆ ಉಳಿದವನೇ ಗೌಡ’ ಎಂಬ ಗಾದೆ ಹುಟ್ಟಿರುವುದೇ ಈ ಅರ್ಥಾವಕಾಶದಲ್ಲಿ. ಮಕ್ಕಳು ಬೆಂಗಳೂರು ಸೇರಿದ ಮೇಲೆ ತೋಟದ ಮನೆಯಲ್ಲಿ ಒಬ್ಬರೇ ಉಳಿದ ವೃದ್ಧರ ಊರನ್ನು ‘ನಿರ್ಜನ’ ಎಂದು ಬರೆದರೆ, ಅಲ್ಲಿ ಇರುವವರನ್ನೇ ಇಲ್ಲವೆಂದಂತಾಗುತ್ತದೆ.