ಮೆಲ್ಲಗೆ ಬ್ರೇಕ್ ಹೊಡೆದರೆ ಪುಕ್ಕಲನಾ?

ಹೋದ ಶನಿವಾರ ಕಾಲೇಜಿನ ಹಿಂದಿರೋ ಪೂಲ್ ಪಾರ್ಲರ್‌ನಲ್ಲಿ ನನ್ನ ಮೇಲೆ ಒಂದು ಆರೋಪ ಬಂತು. ಎದುರಿಗೆ ಆಡ್ತಿದ್ದವರು ಫೈನಲ್ ಇಯರ್ ಸೀನಿಯರ್. ಆಟ ಏಯ್ಟ್ ಬಾಲ್. ಸೋತವರು ಟೇಬಲ್ ದುಡ್ಡು ಕೊಡಬೇಕು ಅನ್ನೋದು ನಮ್ಮಲ್ಲಿ ಯಾರೂ ಬರೆದಿಡದ ಕಾನೂನು. ಹಿಂದಿನ ಮೂರು ಶನಿವಾರವೂ ನಾನೇ ಕೊಟ್ಟಿದ್ದೆ. ತಿಂಗಳ ಕೊನೆ, ಪರ್ಸಲ್ಲಿ ಮೆಸ್ ದುಡ್ಡು ಬಿಟ್ಟರೆ ಏನೂ ಇಲ್ಲ.

ಈ ಸಲ ಬ್ರೇಕ್ ನನ್ನದು. ಜೋರಾಗಿ ಗುದ್ದಲಿಲ್ಲ, ಲೆಕ್ಕ ಹಾಕಿ ಮೆಲ್ಲಗೆ ಹೊಡೆದೆ. ನಾಲ್ಕು ಬಾಲ್ ಹೋಗಿ ಕುಶನ್ ಮುಟ್ಟಿದವು, ಉಳಿದವು ಗುಂಪು ಬಿಡದೆ ಕೂತವು. ವೈಟ್ ಬಾಲ್ ವಾಪಸ್ ಬಂದು ಈ ಕಡೆಯ ಕುಶನ್‌ಗೆ ಅಂಟಿಕೊಂಡು ನಿಂತಿತು. ಸೀನಿಯರ್ ಟೇಬಲ್ ನೋಡಿದರು, ನನ್ನ ಮುಖ ನೋಡಿದರು. "ಏನೋ ಇದು? ಗಂಡಸಾಗಿ ಹೊಡಿಯೋ. ಪುಕ್ಕಲ!" ಪಕ್ಕದ ಟೇಬಲ್‌ನವರೂ ನಕ್ಕರು.

ಅಲ್ಲಿ ಉತ್ತರ ಕೊಡೋಕೆ ಆಗಲಿಲ್ಲ. ಹಾಗಾಗಿ ಇಲ್ಲಿ ಬರೀತಿದ್ದೀನಿ.

ಮೊದಲು ಹೆಸರಿನ ವಿಷಯ. ಇದನ್ನ ಇಂಗ್ಲಿಷಲ್ಲಿ ಡಿಫೆನ್ಸಿವ್ ಬ್ರೇಕ್ ಅಂತಾರೆ. ಕನ್ನಡದಲ್ಲಿ ಏನಂತ ಬರೀಲಿ ಅಂತ ಕ್ಲಬ್ಬಿನ ಗೆಳೆಯರನ್ನ ಕೇಳಿದೆ. "ರಕ್ಷಣಾತ್ಮಕ ಆರಂಭ" ಅಂದರು. ಅದು ಎನ್‌ಸಿಸಿ ಪೆರೇಡ್ ಥರ ಕೇಳಿಸ್ತು. ನಾನು "ಮೆಲ್ಲ ಬ್ರೇಕ್" ಅಂತಲೇ ಬರೀತೀನಿ, ಅಡ್ಜಸ್ಟ್ ಮಾಡ್ಕೊಳ್ಳಿ.

ಆಡದವರಿಗೆ ಎರಡೇ ಮಾತು. 15 ಬಾಲ್‌ಗಳನ್ನ ತ್ರಿಕೋನವಾಗಿ ಜೋಡಿಸಿರ್ತಾರೆ. 7 ಪೂರ್ತಿ ಬಣ್ಣದವು, 7 ಪಟ್ಟೆಯವು, ಮಧ್ಯದಲ್ಲಿ ಕಪ್ಪು 8. ಮೊದಲನೆಯವನು ವೈಟ್‌ನಿಂದ ಆ ಗುಂಪಿಗೆ ಹೊಡೆಯೋದೇ ಬ್ರೇಕ್. ತನ್ನ ಗುಂಪಿನ ಏಳನ್ನೂ ಪಾಕೆಟ್ ಮಾಡಿ ಆಮೇಲೆ 8 ಹಾಕಿದವನು ಗೆದ್ದ.

ಈಗ ನಮ್ಮ ಪಾರ್ಲರ್‌ನಲ್ಲಿ ನಡೆಯೋದು ನೋಡಿ. ಎಲ್ಲರೂ ಬ್ರೇಕನ್ನ ತೆಂಗಿನಕಾಯಿ ಒಡೆದ ಹಾಗೆ ಒಡೀತಾರೆ. ಢಮಾರ್ ಅಂತ ಸೌಂಡ್, ಎಲ್ಲರೂ ತಿರುಗಿ ನೋಡ್ತಾರೆ, ಖುಷಿ. ಆದರೆ ಬಾಲ್ ಬೀಳೋದು ಯಾವಾಗಲೋ ಒಮ್ಮೆ. ಬೀಳದಿದ್ದರೆ ಏನಾಯ್ತು? ಹದಿನೈದೂ ಬಾಲ್ ಟೇಬಲ್ ತುಂಬ ಚೆನ್ನಾಗಿ ಹರಡಿವೆ, ಸರದಿ ಎದುರಾಳಿಯದು. ನಾನೇ ಕಷ್ಟಪಟ್ಟು ಬಾಳೆ ಎಲೆ ಹಾಕಿ ಊಟ ಬಡಿಸಿ ಅವನನ್ನ ಕೂರಿಸಿದ ಹಾಗೆ. ಕೆಲವು ಸಲ ವೈಟೇ ಪಾಕೆಟ್‌ಗೆ ಬೀಳುತ್ತೆ. ಅದು ಊಟದ ಜೊತೆ ದಕ್ಷಿಣೆ.

ಜೋರಾಗಿ ಹೊಡೆಯೋದು ತಪ್ಪು ಅಂತ ನಾನು ಹೇಳ್ತಿಲ್ಲ. ಬ್ರೇಕ್ ಆದಮೇಲೆ ಸರದಿ ಬಿಡದೆ ಎಂಟೂ ಬಾಲ್ ಮುಗಿಸೋ ತಾಕತ್ತು ಇದ್ದವರಿಗೆ ಹರಡಿದ ಟೇಬಲ್ ಲಾಭ. ನನಗೆ ಸತತವಾಗಿ ಮೂರು ಹಾಕಿದರೆ ಹಬ್ಬ. ಹರಡಿದ ಟೇಬಲ್‌ನಿಂದ ನನಗಿಂತ ಸೀನಿಯರ್‌ಗೇ ಜಾಸ್ತಿ ಉಪಯೋಗ. ಹಾಗಿದ್ದಾಗ ನಾನ್ಯಾಕೆ ಹರಡಬೇಕು?

"ಆದ್ರೆ ಇದು ಚೀಟಿಂಗ್ ಅಲ್ವಾ" ಅಂತ ರೂಮ್‌ಮೇಟ್ ಕೇಳಿದ. ಅಲ್ಲ. ವರ್ಲ್ಡ್ ಪೂಲ್-ಬಿಲಿಯರ್ಡ್ ಅಸೋಸಿಯೇಷನ್ ನಿಯಮ ಇದಕ್ಕೆ ಸ್ಪಷ್ಟ ಗೆರೆ ಎಳೆದಿದೆ. ಬ್ರೇಕಿನಲ್ಲಿ ಒಂದೂ ಬಾಲ್ ಬೀಳದಿದ್ದರೆ, ವೈಟ್ ಬಿಟ್ಟು ಕನಿಷ್ಠ 4 ಬಾಲ್ ಕುಶನ್ ಮುಟ್ಟಬೇಕು. ಮುಟ್ಟದಿದ್ದರೆ ಎದುರಾಳಿಗೆ ಮೂರು ಆಯ್ಕೆ: ಟೇಬಲ್ ಇದ್ದ ಹಾಗೇ ಆಡಬಹುದು, ಮತ್ತೆ ಜೋಡಿಸಿ ತಾನೇ ಬ್ರೇಕ್ ಮಾಡಬಹುದು, ಇಲ್ಲಾ ನನ್ನಿಂದಲೇ ಮತ್ತೆ ಬ್ರೇಕ್ ಮಾಡಿಸಬಹುದು. ಅಂದ್ರೆ ಸುಮ್ಮನೆ ತಾಗಿಸಿ ತಪ್ಪಿಸಿಕೊಳ್ಳೋ ಹಾಗಿಲ್ಲ. ಗಂಡಸಾಗಿ ಹೊಡೀಬೇಕು ಅಂತ ಮಾತ್ರ ಎಲ್ಲೂ ಇಲ್ಲ.

ಆ ನಾಲ್ಕನ್ನ ಮುಟ್ಟಿಸೋದೇ ಇದರ ಕಷ್ಟ. ಫಿಸಿಕ್ಸ್ ಲ್ಯಾಬ್‌ನಲ್ಲಿ ನೇತಾಡೋ ಐದು ಗುಂಡುಗಳ ಆಟಿಕೆ ನೆನಪಿದ್ಯಾ? ಈ ಕಡೆಯ ಗುಂಡು ಬಂದು ತಾಗಿದರೆ ಆ ತುದಿಯದು ಹಾರುತ್ತೆ, ಮಧ್ಯದವು ಅಲುಗಾಡಲ್ಲ. ಒಂದಕ್ಕೊಂದು ಅಂಟಿರೋ 15 ಬಾಲ್‌ಗಳಲ್ಲೂ ಸುಮಾರಾಗಿ ಅದೇ ಕಥೆ. ಮುಂದಿನ ಬಾಲ್‌ಗೆ ನೇರವಾಗಿ, ಮೆಲ್ಲಗೆ ಹೊಡೆದರೆ ಹಿಂದಿನ ಸಾಲಿನ ಎರಡು ಮೂಲೆಯ ಬಾಲ್‌ಗಳು ಮೊದಲು ಬಿಡಿಸಿಕೊಂಡು ಓಡ್ತವೆ. ಆ ಎರಡು ಸುಲಭ. ಇನ್ನೆರಡು ಬೇಕು ಅಂದ್ರೆ ಬಲ ಸ್ವಲ್ಪ ಜಾಸ್ತಿ ಮಾಡಬೇಕು, ಜಾಸ್ತಿ ಆದರೆ ಗುಂಪು ಒಡೆದುಹೋಗುತ್ತೆ. ಜೊತೆಗೆ ವೈಟ್‌ನ ಕೆಳಭಾಗಕ್ಕೆ ಕ್ಯೂ ತಾಗಿಸಿ ಅದನ್ನ ವಾಪಸ್ ಕರೆಸಿಕೊಳ್ಳಬೇಕು. ಬೆಳಗ್ಗೆ ಪಾರ್ಲರ್ ಖಾಲಿ ಇದ್ದಾಗ ಹತ್ತು ಸಲ ಹೊಡೆದು ನೋಡಿದೆ. ಆರು ಸಲ ಮಾತ್ರ ನಾಲ್ಕು ಮುಟ್ಟಿತು. ಕಣ್ಣು ಮುಚ್ಚಿ ಗುದ್ದೋದಕ್ಕೆ ಇಷ್ಟು ಪ್ರಾಕ್ಟೀಸ್ ಬೇಡ.

ಇನ್ನೊಂದು ವಿಷಯ. ನಮ್ಮ ಬೆಂಗಳೂರಲ್ಲೇ ಬೆಳೆದ ಪಂಕಜ್ ಅಡ್ವಾಣಿ 2003ರಲ್ಲಿ ವಿಶ್ವ ಹವ್ಯಾಸಿ ಸ್ನೂಕರ್ ಚಾಂಪಿಯನ್ ಆದರು. ಅವರು ಆಡೋ ಸ್ನೂಕರ್‌ನಲ್ಲಿ ಫ್ರೇಮ್ ಶುರುವಾಗೋದೇ ಮೆಲ್ಲಗೆ. ತುದಿಯ ಕೆಂಪು ಬಾಲ್‌ಗೆ ತೆಳ್ಳಗೆ ತಾಗಿಸಿ, ವೈಟನ್ನ ಕುಶನ್‌ಗಳ ಮೇಲೆ ಸುತ್ತಿಸಿ ತಮ್ಮ ಕಡೆಗೇ ತಂದು ನಿಲ್ಲಿಸ್ತಾರೆ. ಟಿವಿಯಲ್ಲಿ ಅದನ್ನ ನೋಡಿ ಯಾರೂ ಪುಕ್ಕಲ ಅನ್ನಲ್ಲ, ಒಳ್ಳೇ ಬ್ರೇಕ್ ಅಂತಾರೆ. ದ್ರಾವಿಡ್ ಆಫ್ ಸ್ಟಂಪ್ ಹೊರಗಿನ ಬಾಲ್ ಬಿಟ್ಟರೆ ಕ್ಲಾಸ್, ನಾನು ಬ್ರೇಕ್ ಮೆಲ್ಲಗೆ ಹೊಡೆದರೆ ಭಯ. ಇದ್ಯಾವ ನ್ಯಾಯ ಗುರು?

ಸೀನಿಯರ್ ಮಾತಲ್ಲಿ ನಾನು ಒಪ್ಪೋದೂ ಒಂದಿದೆ. ಇಬ್ಬರೂ ಹೀಗೇ ಆಡ್ತಾ ಕೂತರೆ ಗುಂಪು ಒಡೆಯೋರು ಯಾರು? ನೀನು ತಳ್ಳು, ನಾನು ತಳ್ತೀನಿ ಅಂತ ಆಟ ಎಳೆಯುತ್ತೆ. ಪಾರ್ಲರ್‌ನಲ್ಲಿ ಗಂಟೆ ಲೆಕ್ಕ, ಹೊರಗೆ ಹುಡುಗರು ಕಾಯ್ತಿರ್ತಾರೆ. ಫ್ರೆಂಡ್ಸ್ ಜೊತೆ ಸುಮ್ಮನೆ ಟೈಮ್‌ಪಾಸ್‌ಗೆ ಆಡುವಾಗ ನಾನೂ ಜೋರಾಗೇ ಹೊಡೀತೀನಿ, ಆ ಸೌಂಡ್ ನನಗೂ ಇಷ್ಟ. ಆದರೆ ದುಡ್ಡು ಪಣಕ್ಕಿಟ್ಟು, ನನಗಿಂತ ಚೆನ್ನಾಗಿ ಆಡೋರು ಎದುರಿಗಿದ್ದಾಗ, "ನನಗೆ ಅನುಕೂಲ ಆಗೋ ಹಾಗೇ ನೀನು ಹೊಡಿ" ಅಂತ ಅವರು ಹೇಳೋದು ಸರಿಯಲ್ಲ. ಅದಕ್ಕೆ ಶೌರ್ಯ ಅಂತ ಹೆಸರಿಡೋದು ಇನ್ನೂ ಸರಿಯಲ್ಲ.

ಹಾಗಾಗಿ ನನ್ನ ಸಲಹೆ ಇಷ್ಟೇ. ಕ್ಯೂ ಕೈಗೆ ತಗೊಳ್ಳೋ ಮುಂಚೆ ನಾಲ್ಕು ಬಾಲ್ ನಿಯಮ ಇದೆಯಾ ಇಲ್ವಾ ಅಂತ ಮಾತಾಡಿಕೊಳ್ಳಿ. ಇದ್ದರೆ ಮೆಲ್ಲಗೆ ಹೊಡೆಯೋನನ್ನ ಹೊಡೆಯೋಕೆ ಬಿಡಿ. ಅವನು ಮೂರೇ ಮುಟ್ಟಿಸಿದರೆ, ವಾದ ಮಾಡದೆ ತ್ರಿಕೋನ ಎತ್ತಿಕೊಂಡು ಬಾಲ್ ಜೋಡಿಸೋ ಕೆಲಸ ಅವನದು. ಮೆಲ್ಲ ಬ್ರೇಕ್ ಹೊಡೆಯೋರಿಗೆ ಆ ಮರ್ಯಾದೆ ಇರಲೇಬೇಕು.

ಆ ಫ್ರೇಮ್ ಏನಾಯ್ತು ಅಂತ ಕೇಳ್ತೀರಿ. ಸೋತೆ. ದುಡ್ಡು ನಾನೇ ಕೊಟ್ಟೆ. ಆದರೆ ಹಿಂದಿನ ಮೂರು ವಾರ ನನ್ನ ನಾಲ್ಕೈದು ಬಾಲ್ ಟೇಬಲ್ ಮೇಲೇ ಇರುವಾಗ ಆಟ ಮುಗಿದಿತ್ತು. ಈ ಸಲ ಇಬ್ಬರಿಗೂ ಕಪ್ಪು ಬಾಲ್ ಒಂದೇ ಉಳಿದಿತ್ತು, ಅದನ್ನ ನಾನು ಮೂಲೆ ಪಾಕೆಟ್‌ನ ತುಟಿಯಲ್ಲಿ ಬಿಟ್ಟೆ. ಸೀನಿಯರ್ ಅದನ್ನ ಹಾಕಿ, ಕ್ಯೂ ಸ್ಟ್ಯಾಂಡ್‌ಗೆ ಇಟ್ಟು, ಚಾಕ್ ಮೆತ್ತಿದ ಕೈ ಒರೆಸಿಕೊಳ್ತಾ ಕೇಳಿದರು: "ಆ ವೈಟ್ ವಾಪಸ್ ಹೇಗೋ ತಂದೆ?"

ಮುಂದಿನ ಶನಿವಾರ ಹೇಳಿಕೊಡ್ತೀನಿ ಅಂದಿದ್ದೀನಿ. ಬ್ರೇಕ್ ಅವರದು.